ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯ ಒಯ್ಯುವ ಸೇವೆ: ಮಲೆನಾಡಿನ ವಿಭಾಗವೊಂದರ ಅನುಭವ

ಶಿವಮೊಗ್ಗ ಜಿಲ್ಲೆಯ ವಿಶ್ವವಿದ್ಯಾಲಯ ವಿಭಾಗವೊಂದರ ಪ್ರಯೋಗಾಲಯಗಳಿಂದ ರಾಸಾಯನಿಕ ತ್ಯಾಜ್ಯ ಒಯ್ಯುವ ಕೆಲಸವನ್ನು ನಾವು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರವಿರುವ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿದ್ದೇವೆ. ಇಂಥ ಸೇವೆಗಾಗಿ ವಿಚಾರಿಸುತ್ತಿರುವ ಸುತ್ತಲಿನ ಕಾಲೇಜುಗಳ ಲ್ಯಾಬ್ ಉಸ್ತುವಾರಿಗಳಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ರಾಸಾಯನಿಕಗಳ ಮಟ್ಟಿಗೆ ಇವರ ಕೆಲಸ ಅಚ್ಚುಕಟ್ಟಾದುದು. ಆದರೆ ನಮ್ಮ ಮಳೆಗಾಲವನ್ನಾಗಲಿ, ಕ್ಯಾನುಗಳನ್ನು ದಿನವೂ ಮುಟ್ಟುವ ಅಟೆಂಡರ್‌ಗಳನ್ನಾಗಲಿ ಇವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಇಂಥ ಸೇವೆಗೆ ಹಣ ಕೊಡುವುದೇಕೆ ಎಂದು ಕೇಳುವವರು ಇನ್ನೂ ಇದ್ದಾರೆ. ನೀರಿನ ಮಾದರಿಗಳ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಯನ್ನೇ ನೋಡಿ. ತುಂಗೆಯದೋ ಭದ್ರೆಯದೋ ನೀರು ಎಷ್ಟು ಕಲುಷಿತವಾಗಿದೆ ಎಂದು ತಿಳಿಯಲು ಮಾಡುವ ಈ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್, ಮರ್ಕ್ಯುರಿಕ್ ಸಲ್ಫೇಟ್, ಸಿಲ್ವರ್ ಸಲ್ಫೇಟ್ ಮತ್ತು ಗಂಧಕಾಮ್ಲಗಳನ್ನು ಬಳಸುತ್ತೇವೆ. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ಉಳಿಯುವ ದ್ರವದಲ್ಲಿ ಪಾದರಸವೂ ಕ್ರೋಮಿಯಂ ಕೂಡ ಇರುತ್ತವೆ. ನಮ್ಮ ಕಡೆ ಅನೇಕ ಕಟ್ಟಡಗಳ ಸಿಂಕಿನ ನೀರು ಇಂಗುಗುಂಡಿಗೆ ಹೋಗುತ್ತದೆ, ಜಂಬಿಟ್ಟಿಗೆಯ ನೆಲ ಅದನ್ನು ಬೇಗನೆ ಹೀರಿಕೊಳ್ಳುತ್ತದೆ, ತಗ್ಗಿನಲ್ಲಿ ಯಾರದೋ ಮನೆಯ ಬಾವಿ ಇರುತ್ತದೆ. ಆ ದ್ರವದ ಒಂದು ಲೋಟವನ್ನೂ ಸಿಂಕಿಗೆ ಸುರಿಯುವ ಹಕ್ಕು ನಮಗಿಲ್ಲವೆಂದೇ ನಾನು ದೃಢವಾಗಿ ನಂಬಿದ್ದೇನೆ.

ಸಂಸ್ಥೆಯವರ ಮೇಲೆ ನನಗೆ ವಿಶ್ವಾಸ ಮೂಡಿದ್ದು ಅವರು ಒಯ್ಯಲು ನಿರಾಕರಿಸಿದ ವಸ್ತುಗಳಿಂದ. ಏನಿದೆಯೆಂದು ಬರೆಯದ ಕ್ಯಾನುಗಳನ್ನು ಅವರು ವಾಹನಕ್ಕೆ ಹತ್ತಿಸಲಿಲ್ಲ. ಒಂದೊಂದರಲ್ಲೂ ಏನು, ಸುಮಾರು ಎಷ್ಟು ಎಂಬ ಪಟ್ಟಿಯನ್ನು ಮೊದಲು ಕೇಳಿದರು. ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್‌ಗಳಂಥ ಕ್ಲೋರಿನ್‌ಯುಕ್ತ ದ್ರಾವಕಗಳಿಗೆ ಒಂದು ಕ್ಯಾನು, ಹೆಕ್ಸೇನ್, ಈಥೈಲ್ ಅಸಿಟೇಟ್‌ಗಳಿಗೆ ಇನ್ನೊಂದು, ಆಮ್ಲಗಳಿಗೂ ಭಾರಲೋಹಗಳ ದ್ರಾವಣಗಳಿಗೂ ಬೇರೆಬೇರೆ ಕ್ಯಾನು ಎಂದು ಸ್ಥಳದಲ್ಲೇ ವಿಂಗಡಿಸಿ ತೋರಿಸಿದರು. ನೈಟ್ರಿಕ್ ಆಮ್ಲದ ಉಳಿಕೆ ಇರುವ ಬಾಟಲಿಗೆ ಯಾರಾದರೂ ಆಲ್ಕೋಹಾಲನ್ನೋ ಅಸಿಟೋನನ್ನೋ ಸುರಿದು ಮುಚ್ಚಳ ಬಿಗಿದರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದೆಂಬುದನ್ನು ಸಂಶೋಧನಾ ವಿದ್ಯಾರ್ಥಿಗಳಿಗೆ ಅವರು ವಿವರಿಸಿದ ರೀತಿ ಮೆಚ್ಚುವಂಥದು. ಹಳೆಯ ಈಥರ್ ಬಾಟಲಿಯೊಂದರ ಮುಚ್ಚಳದ ಸುತ್ತ ಹರಳು ಕಟ್ಟಿದ್ದನ್ನು ಕಂಡೊಡನೆ ಅದನ್ನು ಅಲುಗಿಸಬೇಡಿ, ತೆರೆಯಬೇಡಿ ಎಂದು ಎಲ್ಲರನ್ನೂ ಹಿಂದೆ ಸರಿಸಿದರು. ಗಾಳಿ ತಾಗಿದ ಈಥರ್‌ನಲ್ಲಿ ಕಾಲಕ್ರಮೇಣ ಉಂಟಾಗುವ ಪೆರಾಕ್ಸೈಡ್‌ಗಳು ಮುಚ್ಚಳ ತಿರುಗಿಸುವ ಘರ್ಷಣೆಗೂ ಸ್ಫೋಟಿಸಬಲ್ಲವು. ಅದಕ್ಕೆ ಪರಿಣತರನ್ನು ಬೇರೆಯಾಗಿ ಕರೆಸಲು ಹೇಳಿದರೇ ಹೊರತು, ಇರಲಿ ಕೊಡಿ ಎಂದು ಎತ್ತಿಕೊಂಡು ಹೋಗಲಿಲ್ಲ.

ಕಾಗದಪತ್ರಗಳಲ್ಲೂ ಇವರು ಶಿಸ್ತಿನವರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ಸಾಗಿಸುವಾಗ 7 ಪ್ರತಿಗಳ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಪತ್ರ, ತುಂಬಬೇಕು. ಹಳದಿ ಪ್ರತಿ ನಮ್ಮಲ್ಲಿ ಉಳಿಯುತ್ತದೆ, ತ್ಯಾಜ್ಯ ತಲುಪಿದ ಮೇಲೆ ವಿಲೇವಾರಿ ಘಟಕದಿಂದ ನೀಲಿ ಪ್ರತಿ ನಮಗೆ ಮರಳಬೇಕು. ನೀಲಿ ಪ್ರತಿ ಕೈಸೇರುವವರೆಗೆ ವಿಭಾಗದ ಹೊಣೆ ಮುಗಿಯಿತೆಂದು ಯಾರೂ ಭಾವಿಸಬಾರದು. ನಮಗೆ ಅದು ಪ್ರತಿ ಬಾರಿಯೂ ತಪ್ಪದೆ ಬಂದಿದೆ.

ಕೊರತೆ ಇರುವುದು ಬೇರೆಡೆ. ರಾಜ್ಯದ ದೊಡ್ಡ ವಿಲೇವಾರಿ ಘಟಕವಿರುವ ದಾಬಸ್‌ಪೇಟೆ ಇಲ್ಲಿಂದ 200 ಕಿ.ಮೀ.ಗೂ ಹೆಚ್ಚು ದೂರ. ವಾಹನಕ್ಕೆ ಕನಿಷ್ಠ ಶುಲ್ಕ ನಿಗದಿಯಾಗಿರುವುದರಿಂದ ಸಣ್ಣ ಪ್ರಮಾಣಕ್ಕೆ ಅವರು ಬರುವುದಿಲ್ಲ, ಕರೆಸುವುದು ನಮಗೂ ಗಿಟ್ಟದು. ಅದರ ಮೇಲೆ ಜೂನ್‌ನಲ್ಲಿ ಮಳೆ ಹಿಡಿದರೆ ಇವರ ವಾಹನ ಇತ್ತ ಸುಳಿಯುವುದೇ ಕಡಿಮೆ. ನಿಯಮದಂತೆ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ; ವರ್ಷಕ್ಕೆ 10 ಟನ್ ಮೀರದ ಸಣ್ಣ ಉತ್ಪಾದಕರಿಗೆ ಮಂಡಳಿ ಇದನ್ನು 180 ದಿನದವರೆಗೆ ವಿಸ್ತರಿಸಬಹುದು. ವರ್ಷಗಟ್ಟಲೆ ಇದೇ ವ್ಯವಹಾರದಲ್ಲಿರುವವರು ಈ ಅವಕಾಶವನ್ನು ತಾವಾಗಿಯೇ ತಿಳಿಸಬೇಕಿತ್ತು, ತಿಳಿಸಲಿಲ್ಲ.

ಲೇಬಲ್‌ಗಳ ವಿಷಯ ಇದಕ್ಕಿಂತ ಗಂಭೀರವಾದುದು. ಹಳದಿ ಹಿನ್ನೆಲೆಯಲ್ಲಿ, ಕೆಂಪಕ್ಷರದಲ್ಲಿ, ಅಪಾಯಕಾರಿ ತ್ಯಾಜ್ಯವೆಂಬ ಎಚ್ಚರಿಕೆಯು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ನಿಯಮಗಳ ನಮೂನೆ 8 ಹೇಳುತ್ತದೆ. ಇವರು ಕೊಟ್ಟ ಲೇಬಲ್‌ಗಳಲ್ಲಿ ಕನ್ನಡವಿರಲಿಲ್ಲ. ಕ್ಯಾನನ್ನು ಎತ್ತಿ ಇಡುವವರು, ಅದರ ಸುತ್ತ ನೆಲ ಒರೆಸುವವರು ಓದುವುದು ಕನ್ನಡವನ್ನು. ಪ್ರಾಧ್ಯಾಪಕರಿಗೆ ಆ ಕ್ಯಾನಿನಲ್ಲಿ ಏನಿದೆಯೆಂದು ಹೇಗೂ ಗೊತ್ತಿರುತ್ತದೆ. ಸಾಲದ್ದಕ್ಕೆ ಆಷಾಢದ ತೇವಕ್ಕೆ ಅಂಟು ಬಿಟ್ಟು ಲೇಬಲ್‌ಗಳು ಕಳಚಿ ಬೀಳುತ್ತಿದ್ದವು. ಈಗ ನಾವೇ ಕನ್ನಡದಲ್ಲಿ ಮುದ್ರಿಸಿ, ಒಳಗಿನ ವಸ್ತುವಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು, ಮೇಲೆ ಅಗಲವಾದ ಪಾರದರ್ಶಕ ಟೇಪ್ ಸುತ್ತುತ್ತೇವೆ. ಶಾಯಿಯಂತೆ ಪೆನ್ಸಿಲು ಹರಡುವುದಿಲ್ಲ.

ಉಳಿದ ಕಸ ಇವರ ವ್ಯಾಪ್ತಿಗೆ ಬರುವುದಿಲ್ಲ. ಹಸಿ ಕಸ, ಒಣ ಕಸಗಳನ್ನು ಎಂದಿನ ಕಸದ ವಾಹನಕ್ಕೆ, ಹಳೆಯ ಕಂಪ್ಯೂಟರುಗಳನ್ನು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡುತ್ತೇವೆ. ಒಡೆದ ಗಾಜನ್ನು ಮಾತ್ರ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಹಾಕಿ, ಮೇಲೆ ದಪ್ಪಕ್ಷರದಲ್ಲಿ ಬರೆದು ಕೊಡಬೇಕು, ಏಕೆಂದರೆ ಚೀಲದಲ್ಲಿ ಕೊಟ್ಟರೆ ಅದು ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಖಾಲಿಯಾದ ದ್ರಾವಕದ ಬಾಟಲಿಗಳನ್ನು ತೊಳೆದ ಮೊದಲ ನೀರೂ ತ್ಯಾಜ್ಯದ ಕ್ಯಾನಿಗೇ ಸೇರಬೇಕೆಂದು ಇವರ ಮೇಲ್ವಿಚಾರಕರು ಹೇಳಿಕೊಟ್ಟದ್ದನ್ನು ನಾವು ಇಂದಿಗೂ ಪಾಲಿಸುತ್ತಿದ್ದೇವೆ.

ಒಪ್ಪಂದವನ್ನು ಮುಂದುವರಿಸುವುದೇ ಸರಿಯೆಂದು ವಿಭಾಗಕ್ಕೆ ಶಿಫಾರಸು ಮಾಡಿದ್ದೇನೆ, ಆದರೆ ಷರತ್ತುಗಳೊಂದಿಗೆ. ಮಳೆಗೆ ಮುಂಚೆ ಮೇ ಕೊನೆಯ ವಾರದಲ್ಲಿ ಒಮ್ಮೆ, 90 ದಿನ ತುಂಬುವ ಮೊದಲು ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ವಾಹನ ಬರಲೇಬೇಕು. ಲೇಬಲ್‌ನಲ್ಲಿ ಕನ್ನಡ ಇರಬೇಕು. ವರ್ಷಕ್ಕೊಮ್ಮೆ ಅಟೆಂಡರ್‌ಗಳಿಗೂ ಸ್ವಚ್ಛತಾ ಸಿಬ್ಬಂದಿಗೂ ಕನ್ನಡದಲ್ಲೇ ತರಬೇತಿ ಕೊಡಬೇಕು. ಕನಿಷ್ಠ ಶುಲ್ಕದ ಭಾರ ಇಳಿಸಲು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಭಾಗಗಳೂ ಅದೇ ದಿನಕ್ಕೆ ತಮ್ಮ ಕ್ಯಾನುಗಳನ್ನು ಸಿದ್ಧಪಡಿಸಿಕೊಳ್ಳಲು ಒಪ್ಪಿವೆ.