ಶಾಂಪೂ ಬಾರ್ ಅಂತ ಸಾಬೂನು ಮಾರುತ್ತಾರೆ, ನೋಡಿ ತಗೊಳ್ಳಿ

ಮೇಳಗಳಲ್ಲಿ, ಅಂಗಡಿಗಳಲ್ಲಿ, ಫೋನಿನಲ್ಲಿ, ಎಲ್ಲಿ ನೋಡಿದರೂ ಈಗ ಶಾಂಪೂ ಬಾರ್. ಪ್ಲಾಸ್ಟಿಕ್ ಬಾಟಲಿ ಬೇಡ, ಒಂದು ಬಿಲ್ಲೆ ಸಾಕು ಅನ್ನುವ ಯೋಚನೆ ಒಳ್ಳೆಯದೇ. ಬಾಟಲಿ ಶಾಂಪೂವಿನಲ್ಲಿ ಬಹುಪಾಲು ಇರುವುದು ನೀರು, ಅದಕ್ಕೆ ದುಡ್ಡು ಕೊಡುವುದು ಯಾಕೆ ಅಲ್ವಾ? ಆದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಸಮುದ್ರಕ್ಕೆ ಹತ್ತಿರ ಇದ್ದು, ಬಾವಿ ನೀರಲ್ಲಿ ತಲೆಸ್ನಾನ ಮಾಡುವವರು ಕೊಳ್ಳುವ ಮೊದಲು ಇದನ್ನು ಓದಿ. ನನ್ನ ಮಗಳ ಕೂದಲಿಗೆ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು.

ಶಿರಸಿ ಕಡೆಯ ಒಂದು ಮೇಳದಲ್ಲಿ ತಂದ ಬಾರ್ ಅದು. ಹಸಿರು ಬಣ್ಣ, ಮೇಲೆ ಸುತ್ತಿದ ಕಾಗದದಲ್ಲಿ ದಾಸವಾಳ, ಭೃಂಗರಾಜದ ಚಿತ್ರ, ಬೆಲೆ 280 ರೂಪಾಯಿ. "ಅಕ್ಕಾ, ಇದ್ರಲ್ಲಿ ಸಲ್ಫೇಟ್ ಇಲ್ಲ, ಕೆಮಿಕಲ್ ಇಲ್ಲ, ಎಲ್ಲಾ ನ್ಯಾಚುರಲ್" ಅಂದಳು ಮಾರುತ್ತಿದ್ದ ಹುಡುಗಿ. ಸಲ್ಫೇಟ್ ಅಂದರೆ ಬಾಟಲಿ ಶಾಂಪೂವಿಗೆ ನೊರೆ ಬರಲಿಕ್ಕೆ ಹಾಕುವ ಪದಾರ್ಥ. ನಮ್ಮ ಮನೆ ಕಾರವಾರದ ಕೋಡಿಬಾಗ ಕಡೆ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ದೂರವಿಲ್ಲ. ಮಗಳದು ಸೊಂಟದವರೆಗಿನ ಕೂದಲು. ಮೊದಲ ಸಲ ಹಚ್ಚಿದಾಗಲೇ ನೊರೆ ಸರಿಯಾಗಿ ಏಳಲಿಲ್ಲ. ಒಣಗಿದ ಮೇಲೆ ಕೂದಲು ಮೇಣ ಸವರಿದ ಹಾಗೆ ಅಂಟಂಟು. ಬಾಚಿದರೆ ಬಾಚಣಿಗೆಯ ಹಲ್ಲಿನ ಬುಡದಲ್ಲಿ ಬೂದು ಬಣ್ಣದ ಜಿಡ್ಡು ಕೂರುತ್ತಿತ್ತು. ನೀರಲ್ಲಿ ತೊಳೆದರೆ ಹೋಗುತ್ತಿರಲಿಲ್ಲ, ಪಿನ್ನಿನ ತುದಿಯಿಂದ ಒಂದೊಂದೇ ಸಂದಿಯಿಂದ ಕೆರೆದು ತೆಗೆಯಬೇಕಿತ್ತು.

ಕಾಗದದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. "ಅಕ್ಕಾ, ಹೆದರಬೇಡಿ. ಹಳೆ ಶಾಂಪೂವಿನ ವಿಷ ಹೊರಗೆ ಬರ್ತಾ ಇದೆ, ಕೂದಲು ಡಿಟಾಕ್ಸ್ ಆಗ್ತಾ ಇದೆ. ಒಂದು ತಿಂಗಳು ತಡ್ಕೊಳ್ಳಿ, ಆಮೇಲೆ ನೋಡಿ ಹ್ಯಾಗೆ ಹೊಳೆಯತ್ತೆ ಅಂತ" ಅಂದರು. ಮಗಳು ಪಾಪ ತಡೆದುಕೊಂಡಳು. ಅಂಟು ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು. ಸಿಕ್ಕು ಬಿಡಿಸಲು ಹೋದರೆ ಎಳೆಗಳು ನಡುವೆಯೇ ತುಂಡಾಗುತ್ತಿದ್ದವು. ಕೊನೆಗೆ ಭುಜದವರೆಗೆ ಕತ್ತರಿಸಬೇಕಾಯಿತು.

ಈ ಡಿಟಾಕ್ಸ್ ಮಾತನ್ನು ದಯವಿಟ್ಟು ನಂಬಬೇಡಿ. ನೆತ್ತಿಯಿಂದ ಹೊರಗೆ ಬಂದ ಕೂದಲು ಸತ್ತ ಜೀವಕೋಶ. ಅದರಿಂದ ಯಾವ ವಿಷವೂ ಹೊರಗೆ ಬರುವುದಿಲ್ಲ. ಕೂದಲಿನ ಮೇಲೆ ಕೂತಿದ್ದು ಹಳೆ ಶಾಂಪೂ ಅಲ್ಲ, ಅದೇ ಬಾರಿನ ಕಸ.

ನನಗೆ ಇದು ಗೊತ್ತಾಗಿದ್ದು ತಂಗಿಯಿಂದ. ಅವಳು ಶಿರಸಿ ಹತ್ತಿರದ ಹಳ್ಳಿಯಲ್ಲಿರುವವಳು, ಅದೇ ಮೇಳದಲ್ಲಿ ಅದೇ ಬಾರ್ ಕೊಂಡಿದ್ದಳು. ಅವಳಿಗೆ ಕೂದಲು ಸ್ವಲ್ಪ ಒರಟಾಗಿದ್ದು ಬಿಟ್ಟರೆ ಅಂಟಿನ ತೊಂದರೆಯೇ ಇಲ್ಲ. ಅವರದು ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು, ಮೆದು ನೀರು. ನಮ್ಮದು ಸಮುದ್ರದ ಪಕ್ಕದ ಬಾವಿ. ಬೇಸಿಗೆ ಬಂತೆಂದರೆ ಸವಳಾಗುತ್ತದೆ, ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅಂದರೆ ಗಡಸು ನೀರು. ಬಾರ್ ಒಂದೇ, ನೀರು ಬೇರೆ.

ಶಾಂಪೂ ಬಾರ್ ಅನ್ನುವ ಹೆಸರಲ್ಲಿ ಎರಡು ಬೇರೆ ಬೇರೆ ವಸ್ತು ಮಾರಾಟವಾಗುತ್ತವೆ. ಒಂದು, ಕೊಬ್ಬರಿ ಎಣ್ಣೆ, ತಾಳೆ ಎಣ್ಣೆ, ಆಲಿವ್ ಎಣ್ಣೆ ಇಂಥವಕ್ಕೆ ಕಾಸ್ಟಿಕ್ ಸೋಡಾ ಬೆರೆಸಿ ಮಾಡಿದ್ದು. ಅದು ಸಾಬೂನು, ಮೈಗೆ ಹಚ್ಚುವ ಸಾಬೂನಿನದೇ ಜಾತಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಸಾಬೂನಿನ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಕಸ ಅದೇ. ಬಕೆಟ್ಟನ್ನು ತಿಕ್ಕಬಹುದು, ಕೂದಲನ್ನು ಹಾಗೆ ತಿಕ್ಕಲಿಕ್ಕೆ ಆಗುತ್ತದಾ? ಇದರ ಮೇಲೆ ಸಾಬೂನಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10ರವರೆಗೆ ಇರುತ್ತದೆ; 7ಕ್ಕಿಂತ ಮೇಲಾದರೆ ಕ್ಷಾರ, ಕೆಳಗಾದರೆ ಹುಳಿ. ನಮ್ಮ ನೆತ್ತಿಯ ಚರ್ಮದ್ದು 5.5ರ ಆಸುಪಾಸು. ಕ್ಷಾರ ತಾಗಿದರೆ ಕೂದಲ ಹೊರಮೈಯ ಸಣ್ಣ ಹುರುಪೆಗಳು ಎದ್ದು ನಿಲ್ಲುತ್ತವೆ, ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ತಂಗಿಯ ಕೂದಲು ಮೆದು ನೀರಲ್ಲೂ ಒರಟಾಗಿದ್ದು ಈ ಕಾರಣಕ್ಕೆ. ಬಣ್ಣ ಹಾಕಿದ ಕೂದಲಾದರೆ ಬಣ್ಣವೂ ಬೇಗ ಇಳಿಯುತ್ತದೆ.

ಇನ್ನೊಂದು, ನಿಜವಾದ ಶಾಂಪೂ ಬಾರ್. ಬಾಟಲಿ ಶಾಂಪೂವಿನಲ್ಲಿರುವಂಥ ನೊರೆ ಪದಾರ್ಥವನ್ನೇ ನೀರಿಲ್ಲದೆ ಒತ್ತಿ ಬಿಲ್ಲೆ ಮಾಡಿದ್ದು. ಇದರ ಪಿಎಚ್ ಅನ್ನು ನೆತ್ತಿಗೆ ಹೊಂದುವ ಹಾಗೆ ಇಡಬಹುದು, ಗಡಸು ನೀರಲ್ಲಿ ಜಿಡ್ಡು ಕಟ್ಟುವುದಿಲ್ಲ. ಬೆಲೆ ಸ್ವಲ್ಪ ಜಾಸ್ತಿ ಇರಬಹುದು, ಆದರೆ ಕರಾವಳಿಯ ಬಾವಿ ನೀರಿಗೆ ಇದೇ ಬೇಕು.

ಬೇರೆ ಮಾಡಿ ನೋಡುವುದಕ್ಕೆ ಅಡುಗೆ ಮನೆಯ ಅರಿಶಿನ ಸಾಕು. ಬಾರಿನ ಮೂಲೆಯಿಂದ ಉಗುರಿನಷ್ಟು ಕೆರೆದು ಬಿಳಿ ತಟ್ಟೆಗೆ ಹಾಕಿ, ನಾಲ್ಕು ಹನಿ ನೀರು ಬಿಟ್ಟು ಕಲಸಿ, ಮೇಲೆ ಚಿಟಿಕೆ ಅರಿಶಿನ ಹಾಕಿ. ಸಾಬೂನಾದರೆ ಅರಿಶಿನ ನೋಡನೋಡುತ್ತಲೇ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಶುಭಕಾರ್ಯದಲ್ಲಿ ಆರತಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡುತ್ತೇವಲ್ಲ, ಅದೂ ಇದೇ ಕಾರಣಕ್ಕೆ ಕೆಂಪಾಗುವುದು. ನೆತ್ತಿಗೆ ಹೊಂದುವ ಪಿಎಚ್ ಇರುವ ಶಾಂಪೂ ಬಾರ್ ಆದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ನಮ್ಮ ಹಸಿರು ಬಾರಿಗೆ ಹಾಕಿದ ಅರಿಶಿನ ಕೆಂಪಾಗಿದ್ದನ್ನು ಮಗಳೇ ಫೋಟೋ ತೆಗೆದು ಮಾರಿದವರಿಗೆ ಕಳಿಸಿದಳು. ಉತ್ತರ ಬರಲಿಲ್ಲ. 'ಪಿಎಚ್ ಬ್ಯಾಲೆನ್ಸ್ಡ್' ಅಂತ ಕಾಗದದ ಮೇಲೆ ಬರೆಯಲಿಕ್ಕೆ ಖರ್ಚೇನೂ ಇಲ್ಲ ನೋಡಿ.

ಕೊಳ್ಳುವ ಮೊದಲೇ ಗೊತ್ತಾಗಬೇಕಾದರೆ ಪದಾರ್ಥಗಳ ಪಟ್ಟಿ ಓದಿ. ಮೊದಲಲ್ಲೇ ಸೋಡಿಯಂ ಪಾಮೇಟ್, ಸೋಡಿಯಂ ಕೊಕೊಯೇಟ್, ಸೋಡಿಯಂ ಆಲಿವೇಟ್ ಅಥವಾ ಸಪೋನಿಫೈಡ್ ಆಯಿಲ್ ಅಂತ ಇದ್ದರೆ ಸಾಬೂನು. ಟಿಎಫ್‌ಎಂ (ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶ) ಇಷ್ಟು ಶೇಕಡಾ ಅಂತ ಬರೆದಿದ್ದರೂ ಸಾಬೂನೇ. ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಅಥವಾ ಸೋಡಿಯಂ ಕೊಕೊ ಸಲ್ಫೇಟ್ ಇದ್ದರೆ ಶಾಂಪೂ ಬಾರ್. ಪಟ್ಟಿಯೇ ಇಲ್ಲ, ತಯಾರಿಕೆಯ ಲೈಸೆನ್ಸ್ ನಂಬರೂ ಇಲ್ಲ ಅಂದರೆ ಎಷ್ಟೇ ಚಂದದ ಕಾಗದ ಸುತ್ತಿದ್ದರೂ ಅಲ್ಲೇ ಇಟ್ಟು ಬನ್ನಿ. ಸಲ್ಫೇಟ್ ಇಲ್ಲ ಅನ್ನುವ ಮಾತಿಗೂ ಮರುಳಾಗಬೇಡಿ. ಸಾಬೂನಿನಲ್ಲಿ ಸಲ್ಫೇಟ್ ಇಲ್ಲದಿರುವುದು ನಿಜ, ಆದರೆ ಕೂದಲಿಗೆ ಅದು ಮೆದು ಅಂತ ಅದರ ಅರ್ಥವಲ್ಲ.

ಶೀಗೆಕಾಯಿ ಸೋಪಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಹಳ ಜನ ಅದನ್ನು ಶೀಗೆಕಾಯಿ ಅಂತಲೇ ತಿಳಿದಿದ್ದಾರೆ. ಶೀಗೆಕಾಯಿ ಪುಡಿಯ ನೀರು ಸ್ವಲ್ಪ ಹುಳಿ, ಅದಕ್ಕೆ ಕೂದಲು ಒರಟಾಗುವುದಿಲ್ಲ. ಆ ಪುಡಿಯನ್ನು ಸಾಬೂನಿಗೆ ಬೆರೆಸಿದ ಕೂಡಲೇ ಸಾಬೂನಿನ ಕ್ಷಾರವೇ ಮೇಲಾಗುತ್ತದೆ. ನಮ್ಮ ಆಯಿ ಈಗಲೂ ದಾಸವಾಳ ಸೊಪ್ಪಿನ ಗೊಂಪಲ್ಲೇ ತಲೆ ತೊಳೆಯುತ್ತಾಳೆ. ಅದು ನಿಮಗೆ ಆಗುವುದಾದರೆ ಬಾರ್ ಹುಡುಕುವ ಕೆಲಸವೇ ಇಲ್ಲ.

ಶಾಂಪೂ ಬಾರಿನಲ್ಲೂ ಎಲ್ಲವೂ ಎಲ್ಲರಿಗೂ ಅಲ್ಲ. ಬೇಗ ಜಿಡ್ಡಾಗುವ, ತೆಳ್ಳಗಿನ ಕೂದಲಿಗೆ ಕೋಕೋ ಬಟರಿನಂಥ ಕೊಬ್ಬು, ಎಣ್ಣೆ ಜಾಸ್ತಿ ಹಾಕಿದ ಬಾರ್ ಬೇಡ, ಕೂದಲು ಕೆಳಗೆ ಜೋತುಬೀಳುತ್ತದೆ. ಕೊಕೊ ಸಲ್ಫೇಟ್ ಇರುವುದು ಎಣ್ಣೆಯನ್ನು ಚೆನ್ನಾಗಿ ತೆಗೆಯುತ್ತದೆ. ಒಣ ಕೂದಲು, ಗುಂಗುರು ಕೂದಲಿಗೆ ಐಸೆಥಿಯೊನೇಟ್ ಜೊತೆ ಕೋಕೋ ಬಟರ್ ಇರುವುದು ಹಿತ. ಹೊಟ್ಟು ಜಾಸ್ತಿ ಇದ್ದರೆ ಬೇವಿನ ಚಿತ್ರ ನೋಡಿ ಬಾರ್ ತರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಯಾವುದೇ ಬಾರ್ ಆಗಲಿ, ಉದ್ದ ಕೂದಲಿಗೆ ನೇರ ತಿಕ್ಕಬೇಡಿ. ಕೈಯಲ್ಲಿ ನೊರೆ ಮಾಡಿಕೊಂಡು ನೆತ್ತಿಗೆ ಹಚ್ಚಿ. ತಲೆಗೆ ಕೊಬ್ಬರಿ ಎಣ್ಣೆ ತುಂಬಾ ಹಾಕಿದ್ದರೆ ಎರಡು ಸಲ ಬೇಕಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಬಾವಿ ತುಂಬಿದಾಗ ನೀರು ಅಷ್ಟು ಗಡಸಿರುವುದಿಲ್ಲ. ಆಗ ಸಾಬೂನಿನ ಬಾರ್ ಕೂಡ ಪರವಾಗಿಲ್ಲ ಅನ್ನಿಸುತ್ತದೆ. ಅದನ್ನೇ ನಂಬಿ ನಾಲ್ಕೈದು ಒಟ್ಟಿಗೆ ತಂದಿಟ್ಟುಕೊಂಡರೆ ಏಪ್ರಿಲ್, ಮೇ ಹೊತ್ತಿಗೆ ಅಂಟು ಶುರು. ಮಳೆಗಾಲದಲ್ಲಿ ನಮ್ಮ ಕಡೆ ಏನಿಟ್ಟರೂ ಒಣಗುವುದೂ ಇಲ್ಲ. ಬಚ್ಚಲಲ್ಲಿ ಇಟ್ಟ ಬಾರ್ ಕರಗಿ ಲೋಳೆಯಾಗುತ್ತದೆ. ತುಂಡು ಮಾಡಿ, ಒಂದು ತುಂಡು ಮಾತ್ರ ತೂತಿರುವ ಪೆಟ್ಟಿಗೆಯಲ್ಲಿ ಹೊರಗಿಡಿ.

ಈಗಾಗಲೇ ಕೂದಲು ಅಂಟಾಗಿದ್ದರೆ ಇವತ್ತೇ ಆ ಬಾರ್ ನಿಲ್ಲಿಸಿ. ಒಂದು ಚೊಂಬು ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಕೂದಲಿಗೆ ಹಾಕಿ, ಎರಡು ನಿಮಿಷ ಬಿಡಿ, ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಹುಳಿ ತಾಗಿದರೆ ಆ ಜಿಡ್ಡು ಸಡಿಲವಾಗುತ್ತದೆ. ನಂತರ ಪಟ್ಟಿಯಲ್ಲಿ ಇಡಿಟಿಎ (ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಪದಾರ್ಥ) ಇರುವ ಸಾಧಾರಣ ಬಾಟಲಿ ಶಾಂಪೂವಿನಲ್ಲಿ ತೊಳೆಯಿರಿ. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಮುಂದಿನ ತಲೆಸ್ನಾನಕ್ಕೆ ಮತ್ತೆ ಮಾಡಿ. ಅಡುಗೆ ಸೋಡಾ ಮಾತ್ರ ಹಾಕಬೇಡಿ, ಅದೂ ಕ್ಷಾರವೇ. ಉಳಿದ ಬಾರನ್ನು ಎಸೆಯುವುದು ಬೇಡ, ಕೈ ತೊಳೆಯುವ ಜಾಗದಲ್ಲಿಡಿ. ನಮ್ಮ ಹಸಿರು ಬಾರ್ ಈಗ ಹಿತ್ತಿಲ ನಲ್ಲಿಯ ಹತ್ತಿರ ಆ ಕೆಲಸಕ್ಕಿದೆ.