ಬಳ್ಳಾರಿ ಬಿಸಿಲಲ್ಲಿ ಟ್ಯಾಂಕ್ ಮಾಡೆಲ್: ಯಾವ ಬಣ್ಣ ನಿಂತಿತು, ಯಾವ ಮಣ್ಣು ಒಪ್ಪಿತು

ಪೇಂಟ್ ಬಾಟಲಿಯ ಮೇಲಿರುವ ಒಣಗುವ ಸಮಯ ಬಳ್ಳಾರಿಯ ಏಪ್ರಿಲ್‌ಗೆ ಲೆಕ್ಕಕ್ಕೆ ಬರುವುದಿಲ್ಲ. ನೆರಳಲ್ಲೇ 40 ಡಿಗ್ರಿ ಮುಟ್ಟುವ, ಗಾಳಿಯಲ್ಲಿ ತೇವವೇ ಇಲ್ಲದ ಮಧ್ಯಾಹ್ನ ಹತ್ತು ನಿಮಿಷದ ಕೆಲಸ ಎರಡೇ ನಿಮಿಷಕ್ಕೆ ಗಟ್ಟಿಯಾಗಿರುತ್ತದೆ. ಹಾಗಾಗಿ ಟ್ಯಾಂಕ್ ಮಾಡೆಲ್‌ಗೆ ಹಚ್ಚುವ ಬಣ್ಣ, ಮಣ್ಣುಗಳ ಈ ಹೋಲಿಕೆಯಲ್ಲಿ ಬ್ರ್ಯಾಂಡಿಗಿಂತ ಮೊದಲು ನೋಡಿದ್ದು ಯಾವುದು ನಿಧಾನವಾಗಿ ಒಣಗುತ್ತದೆ, ಯಾವುದು ತಿದ್ದಲು ಸಮಯ ಕೊಡುತ್ತದೆ ಎಂಬುದನ್ನು. ಪ್ರಯೋಗಕ್ಕೆ ಬಳಸಿದ್ದು 1/35 ಅಳತೆಯ ಸೋವಿಯತ್ ಟ್ಯಾಂಕ್ ಟಿ-55ರ ಬಿಡಿ ಟರೆಟ್ (ತೋಪು ಹೊತ್ತ ಮೇಲಿನ ಗೋಪುರ) ಮತ್ತು ಹಲ್ (ಒಡಲು) ಭಾಗಗಳು, ಒಂದಿಷ್ಟು ಪ್ಲಾಸ್ಟಿಕ್ ಚಮಚ, 0.3 ಮಿ.ಮೀ. ನಾಝಲ್‌ನ ಏರ್‌ಬ್ರಷ್, 15 ಪಿಎಸ್‌ಐ ಒತ್ತಡ.

ಮೂಲ ಬಣ್ಣ

ಹನಿ ಬಾಟಲಿಯಲ್ಲಿ ಬರುವ ನೀರಿನ ಅಕ್ರಿಲಿಕ್‌ಗೆ ವಾಸನೆ ಇಲ್ಲ, ಬ್ರಷ್ ನಲ್ಲಿಯಲ್ಲೇ ತೊಳೆಯಬಹುದು, ಮನೆಯವರ ತಕರಾರೂ ಇಲ್ಲ. ಆದರೆ ನಮ್ಮ ಬಿಸಿಲಲ್ಲಿ ಏರ್‌ಬ್ರಷ್‌ಗೆ ಹಾಕಿದರೆ ಒಂದೇ ನಿಮಿಷದಲ್ಲಿ ಸೂಜಿಯ ತುದಿಯಲ್ಲಿ ಬಣ್ಣ ಹೆಪ್ಪುಗಟ್ಟುತ್ತದೆ. ಮೊದಲು ಬಣ್ಣ ಉಗುಳುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಹತ್ತು ಹನಿ ಬಣ್ಣಕ್ಕೆ ಎರಡು ಹನಿ ರಿಟಾರ್ಡರ್ (ಒಣಗುವುದನ್ನು ತಡಮಾಡುವ ದ್ರವ) ಹಾಕಿ, ಪ್ರತಿ ಎರಡು ನಿಮಿಷಕ್ಕೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಸೂಜಿ ಒರೆಸಿದರೆ ಕೆಲಸ ಸಾಗುತ್ತದೆ. ಎರಡಕ್ಕಿಂತ ಹೆಚ್ಚು ಹನಿ ಹಾಕಿದರೆ ಬಣ್ಣ ದಿನವಿಡೀ ಅಂಟಂಟಾಗಿ ಉಳಿಯುತ್ತದೆ. ಕೆಳಗೆ ಪ್ರೈಮರ್ ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಎಳೆದಾಗ ಪದರವೇ ಎದ್ದು ಬರುವುದು ಇನ್ನೊಂದು ತೊಂದರೆ.

ತಮಿಯಾದ ಎಕ್ಸ್‌ಎಫ್ ಸರಣಿಯೂ ಅಕ್ರಿಲಿಕ್ಕೇ, ಆದರೆ ಆಲ್ಕೋಹಾಲ್ ಜಾತಿಯದು. ತೆಳು ಮಾಡಲು ಅದರದೇ ಎಕ್ಸ್-20ಎ ಥಿನ್ನರ್ ಇದೆ. ದುಡ್ಡು ಉಳಿಸಲು ಕೆಲವರು ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸುತ್ತಾರೆ. ಚಳಿಗಾಲದಲ್ಲಿ ಅದು ನಡೆಯುತ್ತದೆ, ಬೇಸಿಗೆಯಲ್ಲಿ ಬೇಡ. ಬಣ್ಣದ ಹನಿ ಮಾಡೆಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಮೇಲ್ಮೈ ಮರಳು ಕಾಗದದಂತೆ ಒರಟಾಗುತ್ತದೆ. ಅದೇ ಎಕ್ಸ್‌ಎಫ್ ಬಣ್ಣಕ್ಕೆ ರಿಟಾರ್ಡರ್ ಬೆರೆತೇ ಬರುವ ಲ್ಯಾಕರ್ ಲೆವೆಲಿಂಗ್ ಥಿನ್ನರ್ ಹಾಕಿ ನೋಡಿ. ಒಂದು ಪಾಲು ಬಣ್ಣಕ್ಕೆ ಒಂದೂವರೆ ಪಾಲು ಥಿನ್ನರ್, 8-10 ಸೆಂ.ಮೀ. ದೂರ. ಬಣ್ಣ ತಾನಾಗಿ ಹರಡಿ ಸಮನಾಗಿ ಕೂರುತ್ತದೆ, ಗಟ್ಟಿಯೂ ಆಗುತ್ತದೆ. ಮಿಸ್ಟರ್ ಕಲರ್‌ನಂಥ ಪೂರ್ಣ ಲ್ಯಾಕರ್‌ಗೆ (ತೀಕ್ಷ್ಣ ದ್ರಾವಕದ ಬಣ್ಣಕ್ಕೆ) ಎರಡು ಪಾಲು ಥಿನ್ನರ್ ಬೇಕು. ಗಟ್ಟಿತನದಲ್ಲಿ ಅದೇ ಮೇಲು, ವಾಸನೆಯಲ್ಲೂ ಅದೇ ಮೇಲು. ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಮಾಡದು. ಇಂಗಾಲದ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿ, ಗ್ಯಾಸ್ ಒಲೆ ಉರಿಯುವ ಕಡೆಯಿಂದ ದೂರ ಕೂತು ಹೊಡೆಯಬೇಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಏರ್‌ಬ್ರಷ್ ತೊಳೆಯಲು ಸಾಕು, ಬಣ್ಣಕ್ಕೆ ಬೆರೆಸಿದರೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಏರ್‌ಬ್ರಷ್ ಇಲ್ಲದವರಿಗೆ ಎನಾಮೆಲ್. ಹಂಬ್ರಾಲ್ ಡಬ್ಬಿಯ ಕಾಲದ ಈ ಹಳೆಯ ಬಣ್ಣ ತಣ್ಣನೆಯ ದೇಶಗಳಲ್ಲಿ ಒಣಗಲು ಕಾಯಿಸುತ್ತದೆ ಎಂದು ಬೈಸಿಕೊಳ್ಳುತ್ತದೆ. ನಮ್ಮಲ್ಲಿ ರಾತ್ರಿ ಬಳಿದರೆ ಬೆಳಿಗ್ಗೆ ಕೈ ಹಚ್ಚಬಹುದು, ಬ್ರಷ್ ಗೆರೆ ತಾನೇ ಮಾಯವಾಗುವಷ್ಟು ಹೊತ್ತು ಹಸಿಯಾಗಿಯೂ ಇರುತ್ತದೆ. ಆದರೆ ಇದರ ಮೇಲೆ ನೇರವಾಗಿ ಟರ್ಪೆಂಟೈನ್ ವಾಶ್ (ಸಂದಿಗೆ ಇಳಿಸುವ ತೆಳು ಬಣ್ಣ) ಹಾಕಿದರೆ ಬಣ್ಣ ಕರಗಿ ಎದ್ದು ಬರುತ್ತದೆ. ನಡುವೆ ಅಕ್ರಿಲಿಕ್ ಗ್ಲಾಸ್ (ಹೊಳಪಿನ ವಾರ್ನಿಶ್) ಪದರ ಹೊಡೆದು ಒಂದು ದಿನ ಬಿಡಬೇಕು.

ಕೂಲರ್ ವಿಷಯಕ್ಕೆ ಒಂದು ಮಾತು. ನೀರಿನ ಕೂಲರ್ ಓಡುವ ಕೋಣೆಯಲ್ಲಿ ಅಕ್ರಿಲಿಕ್ ಚೆನ್ನಾಗಿ ಕೂರುತ್ತದೆ, ಲ್ಯಾಕರ್ ಮಾತ್ರ ತೇವ ಹಿಡಿದು ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಲ್ಯಾಕರ್ ಹೊಡೆಯುವಾಗ ಕೂಲರ್ ಬಂದ್, ಸೀಲಿಂಗ್ ಫ್ಯಾನೂ ಬಂದ್. ಹೊಡೆದ ತಕ್ಷಣ ಮೇಲೆ ಬೋಗುಣಿ ಮುಚ್ಚಿ, ಇಲ್ಲದಿದ್ದರೆ ಊರಿನ ಧೂಳೆಲ್ಲ ಟರೆಟ್ ಮೇಲೆ. ಬೆಳಿಗ್ಗೆ ಎಂಟರ ಒಳಗೆ ಕೆಲಸ ಮುಗಿಸಿದರೆ ಈ ತಾಪತ್ರಯ ಅರ್ಧ ಇರುವುದಿಲ್ಲ.

ವಾಶ್

ರಿವೆಟ್ ಸುತ್ತ, ಫಲಕದ ಸಂದಿಯಲ್ಲಿ, ಹ್ಯಾಚ್ ಅಂಚಿನಲ್ಲಿ ಕಪ್ಪು-ಕಂದು ತೆಳು ಬಣ್ಣ ಇಳಿಸುವ ಕೆಲಸ ಇದು. ಅಕ್ರಿಲಿಕ್ ವಾಶ್ ನಮ್ಮ ಬಿಸಿಲಿಗೆ ಸೋತೇ ಹೋಯಿತು. ಚೆಲ್ಲಿದ ಚಹಾ ಒಣಗಿದ ಹಾಗೆ ಅಂಚಿನಲ್ಲಿ ಕಲೆಗೆರೆ ಬೀಳುತ್ತದೆ, ಒರೆಸಲು ಹೋದರೆ ಆಗಲೇ ಕಚ್ಚಿರುತ್ತದೆ. ಸಿದ್ಧ ಎನಾಮೆಲ್ ವಾಶ್ ಪರವಾಗಿಲ್ಲ. ಆದರೆ ಹದಿನೈದು ನಿಮಿಷದೊಳಗೆ ಹೆಚ್ಚಾದದ್ದನ್ನು ತೆಗೆಯಬೇಕು, ಮುಚ್ಚಳ ತೆರೆದಿಟ್ಟರೆ ದ್ರಾವಕ ಹಾರಿ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ.

ಗೆದ್ದದ್ದು ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಆಯಿಲ್ ಕಲರ್. ಬರ್ಂಟ್ ಅಂಬರ್ (ಕಡುಕಂದು) ಎರಡು ಪಾಲು, ಕಪ್ಪು ಒಂದು ಪಾಲು. ಮೊದಲು ಕಡಲೆಕಾಳಿನಷ್ಟನ್ನು ರಟ್ಟಿನ ಚೂರಿನ ಮೇಲೆ ಹಿಂಡಿ ಒಂದು ಗಂಟೆ ಬಿಡಿ. ರಟ್ಟು ಅಗಸೆ ಎಣ್ಣೆ ಹೀರುತ್ತದೆ, ಸುತ್ತ ಎಣ್ಣೆಯ ಉಂಗುರ ಮೂಡುತ್ತದೆ. ಎಣ್ಣೆ ಉಳಿದರೆ ಒಣಗಿದ ಮೇಲೂ ಹೊಳೆಯುತ್ತದೆ, ವಾರವಾದರೂ ಅಂಟು ಬಿಡದು. ಆಮೇಲೆ ವೈಟ್ ಸ್ಪಿರಿಟ್ ಸೇರಿಸಿ ಕಪ್ಪು ಚಹಾದಷ್ಟು ತೆಳು ಮಾಡಿ. ಗ್ಲಾಸ್ ಪದರದ ಮೇಲೆ ಬ್ರಷ್ ತುದಿ ಮುಟ್ಟಿಸಿದರೆ ಸಾಕು, ವಾಶ್ ಗೆರೆ ಹಿಡಿದು ತಾನೇ ಓಡುತ್ತದೆ. ಮ್ಯಾಟ್ ಮೇಲ್ಮೈಗೆ ಹಾಕಿದರೆ ಓಡದೆ ಹರಡಿ ಕಲೆಯಾಗುತ್ತದೆ. ಎರಡು ಮೂರು ಗಂಟೆ ಕಳೆದರೂ ಒದ್ದೆ ಬ್ರಷ್ಷಿನಿಂದ ತಿದ್ದಬಹುದು, ಈ ಬಿಸಿಲಲ್ಲಿ ಅಷ್ಟು ಪುರುಸೊತ್ತು ಇನ್ಯಾವುದೂ ಕೊಡಲಿಲ್ಲ.

ಹಾರ್ಡ್‌ವೇರ್ ಟರ್ಪೆಂಟೈನ್ ಬಳಸುವ ಮುನ್ನ ಬಿಳಿ ಹಾಳೆಗೆ ಒಂದು ಹನಿ ಹಾಕಿ ಒಣಗಿಸಿ. ಎಣ್ಣೆಯ ವೃತ್ತ ಉಳಿದರೆ ಅದು ಬ್ರಷ್ ತೊಳೆಯಲಿಕ್ಕೆ ಮಾತ್ರ. ಸೀಮೆಎಣ್ಣೆ ಬೇಡವೇ ಬೇಡ.

ಚಿಪ್ಪಿಂಗ್

ಬಣ್ಣದ ಸಿಪ್ಪೆ ಎದ್ದಂತೆ ತೋರಿಸುವ ಈ ಕೆಲಸಕ್ಕೆ ಸ್ಪಂಜ್ ಅಥವಾ ಹೇರ್‌ಸ್ಪ್ರೇ. ಹೇರ್‌ಸ್ಪ್ರೇ ವಿಧಾನದಲ್ಲಿ ಕೆಳಗೆ ತುಕ್ಕಿನ ಕಂದು ಲ್ಯಾಕರ್, ಅದರ ಮೇಲೆ ಎರಡು ತೆಳು ಪದರ ಹೇರ್‌ಸ್ಪ್ರೇ, ಹದಿನೈದು ನಿಮಿಷ ಬಿಟ್ಟು ಮೇಲಿನ ಹಸಿರು. ಇಲ್ಲಿ ಮಾತ್ರ ಲೆವೆಲಿಂಗ್ ಥಿನ್ನರ್ ಮರೆತುಬಿಡಿ. ಅದು ಹೇರ್‌ಸ್ಪ್ರೇಯನ್ನೇ ಕರಗಿಸಿ ಹಸಿರನ್ನು ಕಚ್ಚಿ ಹಿಡಿಸುತ್ತದೆ. ಎಕ್ಸ್‌ಎಫ್ ಬಣ್ಣವನ್ನು ಬರೀ ನೀರಿನಲ್ಲಿ ತೆಳು ಮಾಡಿ ಹೊಡೆಯಬೇಕು. ಬೇರೆಡೆ ಮರುದಿನವೂ ಎದ್ದು ಬರುವ ಬಣ್ಣ ನಮ್ಮಲ್ಲಿ ಒಂದು ಗಂಟೆ ಮೀರಿದರೆ ಹಠ ಹಿಡಿಯುತ್ತದೆ. ಅರ್ಧ ಗಂಟೆಗೆ ಉಗುರುಬೆಚ್ಚಗಿನ ನೀರು ಸವರಿ, ಕೂದಲು ಗಿಡ್ಡ ಮಾಡಿದ ಟೂತ್‌ಬ್ರಷ್ಷಿನಿಂದ ಉಜ್ಜಿ. ಒಮ್ಮೆಗೆ ಒಂದು ಫೆಂಡರ್ ಮಾತ್ರ, ಇಡೀ ಹಲ್ ಒಟ್ಟಿಗೆ ಹಿಡಿದರೆ ಅರ್ಧಕ್ಕೇ ಕೈಕೊಡುತ್ತದೆ.

ಸ್ಪಂಜ್ ವಿಧಾನಕ್ಕೆ ಬಿಸಿಲಿನ ಹಂಗಿಲ್ಲ. ಪಾತ್ರೆ ತಿಕ್ಕುವ ಸ್ಪಂಜಿನ ಚೂರು ಹರಿದು, ಕಡುಕಂದಿಗೆ ಅದ್ದಿ, ಕಾಗದದ ಮೇಲೆ ಒತ್ತಿ ಬಹುಪಾಲು ತೆಗೆದು, ಉಳಿದದ್ದನ್ನು ಅಂಚಿಗೆ ಮುಟ್ಟಿಸುವುದು. ಎಚ್ಚರ ಬೇಕಾದದ್ದು ಗಾತ್ರದಲ್ಲಿ. ಈ ಅಳತೆಯಲ್ಲಿ 1 ಮಿ.ಮೀ. ಚುಕ್ಕೆ ಎಂದರೆ ನಿಜ ಟ್ಯಾಂಕಿನ ಮೇಲೆ ಮೂರೂವರೆ ಸೆಂಟಿಮೀಟರ್ ಸಿಪ್ಪೆ ಎದ್ದಂತೆ. ಬೆಳ್ಳಿ ಬಣ್ಣ ಟ್ರ್ಯಾಕ್ ನೆಲಕ್ಕೆ ತಾಗುವ ಮುಖಕ್ಕೆ, ಸ್ಪ್ರಾಕೆಟ್ ಹಲ್ಲಿಗೆ ಅಷ್ಟೇ. ಅಂಚೆಲ್ಲ ಬೆಳ್ಳಿ ಬಳಿದ ಉಕ್ಕಿನ ಟ್ಯಾಂಕ್ ಆಟಿಕೆಯಂತೆ ಕಾಣುತ್ತದೆ.

ಎಲ್ಲಿ ಸವೆಯಬೇಕು ಎಂಬುದಕ್ಕೆ ಫೋಟೊ ಹುಡುಕುವ ಮೊದಲು ಊರಿನ ಜೀನ್ಸ್ ವಾಷಿಂಗ್ ಘಟಕಗಳನ್ನು ನೆನೆಯಿರಿ. ಹೊಸ ಪ್ಯಾಂಟನ್ನು ಹಳತು ಮಾಡುವವರು ತೊಡೆ, ಮೊಣಕಾಲು, ಜೇಬಿನಂಚು ಉಜ್ಜುತ್ತಾರೆ, ಹಿಮ್ಮಡಿಯ ಮೇಲ್ಭಾಗ ಮುಟ್ಟುವುದಿಲ್ಲ. ಟ್ಯಾಂಕಿಗೂ ಸಿಬ್ಬಂದಿಯ ಬೂಟು ಬೀಳುವ ಕಡೆ, ಹ್ಯಾಚ್ ಅಂಚು, ಕೈಹಿಡಿಕೆ, ಫೆಂಡರ್ ಮೂಲೆ. ಟರೆಟ್‌ನ ಗುಂಡು ಕೆನ್ನೆಯ ನಡುವೆ ಚುಕ್ಕೆ ಹಾಕಲು ಕಾರಣವೇ ಇಲ್ಲ.

ಧೂಳು ಮತ್ತು ಕೆಸರು

ಸಿದ್ಧ ಪಿಗ್ಮೆಂಟ್ (ಬಣ್ಣದ ಪುಡಿ) ಡಬ್ಬಿಗೂ ಕಾಲ ಕೆಳಗಿನ ಮಣ್ಣಿಗೂ ಸ್ಪರ್ಧೆ ಹಚ್ಚಿದಾಗ ಫಲಿತಾಂಶ ಎರಡೂ ಕಡೆ ವಾಲಿತು. ಡಬ್ಬಿಯದು ನುಣುಪಿನಲ್ಲಿ ಮುಂದು, ತೊಳೆಯುವ ಕೆಲಸವೂ ಇಲ್ಲ. ನಮ್ಮ ಮಣ್ಣು ಬಣ್ಣದಲ್ಲಿ ಮುಂದು, ಆದರೆ ಹಾಗೇ ಉದುರಿಸಿದರೆ ಕೆಟ್ಟಿತು. 0.1 ಮಿ.ಮೀ. ಹರಳು ಈ ಅಳತೆಯಲ್ಲಿ ಮೂರೂವರೆ ಮಿಲಿಮೀಟರ್ ಗರಸು.

ಹದ ಮಾಡುವುದು ಹೀಗೆ. ಒಂದು ಲೋಟ ಮಣ್ಣನ್ನು ಅರ್ಧ ಬಕೆಟ್ ನೀರಿಗೆ ಕಲಕಿ, ಒಂದು ನಿಮಿಷ ಬಿಟ್ಟು ಮೇಲಿನ ಬಗ್ಗಡ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಮರಳು, ಗರಸು ತಳದಲ್ಲಿ ಉಳಿಯುತ್ತದೆ. ಬಗ್ಗಡಕ್ಕೆ ಚಿಟಿಕೆ ಪಟಿಕದ ಪುಡಿ ಹಾಕಿದರೆ ರಾತ್ರಿಯೊಳಗೆ ತಿಳಿಯಾಗುತ್ತದೆ. ತಿಳಿನೀರು ಚೆಲ್ಲಿ, ಹೊಸ ನೀರು ಹಾಕಿ ಇನ್ನೊಮ್ಮೆ ಇದೇ ಕೆಲಸ ಮಾಡಿ. ಆಮೇಲೆ ಬಿಸಿಲಿಗೆ ಒಣಗಿಸಿ, ಕುಟ್ಟಿ, ತೆಳು ಅರಿವೆಯಲ್ಲಿ ಸೋಸಿ. ಎರಡನೇ ತೊಳೆತ ಬಿಡಬೇಡಿ. ತುಂಗಭದ್ರಾ ಕಾಲುವೆಯ ಕೆಳಗಿನ ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯ ಸವುಳು ಹೊಲದ ಮಣ್ಣಾದರೆ ಅದರಲ್ಲಿ ಉಪ್ಪಿರುತ್ತದೆ. ತೊಳೆಯದೆ ಬಳಸಿದರೆ ತಿಂಗಳ ನಂತರ ಟ್ರ್ಯಾಕ್ ಮೇಲೆ ಬೆಳ್ಳನೆ ಹೂ ಬಿಡುತ್ತದೆ. ಒಣಗಿಸಲು ಹಂಚಿನ ಮೇಲೆ ಹುರಿಯುವುದೂ ಬೇಡ. ಇಟ್ಟಿಗೆ ಸುಟ್ಟಂತೆ ಮಣ್ಣು ಕೆಂಪಿಗೆ ತಿರುಗುತ್ತದೆ.

ಮಸಾರಿ ಮಣ್ಣಿನ ಕೆಂಪು ಎಲ್ಲ ಟ್ಯಾಂಕಿಗೂ ಸಲ್ಲದು. 1971ರ ಭಾರತ-ಪಾಕ್ ಯುದ್ಧದ ಬಸಂತರ್ ಕಾಳಗದಲ್ಲಿ ಭಾರತದ ಸೆಂಚುರಿಯನ್ ಓಡಿದ್ದು ಶಕರ್‌ಗಢದ ಬೂದುಗಂದು ಮೆಕ್ಕಲು ಮಣ್ಣಿನಲ್ಲಿ, ಲೋಂಗೇವಾಲಾದಲ್ಲಿ ಸಿಕ್ಕಿಬಿದ್ದ ಪಾಕಿಸ್ತಾನದ ಟಿ-59ಗಳ ಮೇಲಿದ್ದದ್ದು ಥಾರ್‌ನ ತಿಳಿ ಮರಳು. ಇವೆರಡಕ್ಕೂ ಡಬ್ಬಿಯ ಪಿಗ್ಮೆಂಟೇ ಸರಿ. ಮಸಾರಿ ಒಪ್ಪುವುದು ವಿಯೆಟ್ನಾಂನ ಮಧ್ಯ ಎತ್ತರಪ್ರದೇಶದ ಟಿ-54, ಎಂ-48ಗಳಿಗೆ, ಅಂಗೋಲಾದ ಟಿ-55ಕ್ಕೆ. ರಾಯಚೂರಿನ ಎರೆ ಮಣ್ಣು 1943ರ ಉಕ್ರೇನಿನ ಕಪ್ಪು ನೆಲದಲ್ಲಿ ಓಡಿದ ಟಿ-34ಕ್ಕೆ ಹೇಳಿ ಮಾಡಿಸಿದ್ದು. ಎರೆ ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ದಪ್ಪ ಕೆಸರಿಗೆ ಎರಡು ಪಾಲು ಎರೆ, ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್, ಕಲಸಲು ಅಕ್ರಿಲಿಕ್ ಮ್ಯಾಟ್ ಮೀಡಿಯಂ. 1 ಮಿ.ಮೀ.ಗಿಂತ ತೆಳು ಪದರ ಹಚ್ಚಿ, ಒಣಗಿದ ಮೇಲೆ ಮತ್ತೊಂದು. ಪ್ಲಾಸ್ಟರ್ ಬಣ್ಣ ತಿಳಿ ಮಾಡುವುದರಿಂದ ಕೊನೆಗೆ ಕಡುಕಂದು ಆಯಿಲ್ ವಾಶ್ ಬೇಕೇ ಬೇಕು. ಫೆವಿಕಾಲ್ ನೀರಿನಲ್ಲಿ ಕಲಸಿದರೆ ಗಟ್ಟಿ ನಿಲ್ಲುತ್ತದೆ, ಆದರೆ ತುಸು ಹೊಳೆಯುತ್ತದೆ. ಹಸಿ ಕೆಸರಿಗೆ ಆ ಹೊಳಪೇ ಅನುಕೂಲ.

ಸಂಡೂರಿನ ಅದಿರು ಪುಡಿ ಧೂಳಿನ ಲೆಕ್ಕಕ್ಕೆ ಬರುವುದಿಲ್ಲ, ತುಕ್ಕಿನ ಲೆಕ್ಕಕ್ಕೆ. ಹೆಮಟೈಟ್ ಹೊರಗೆ ಉಕ್ಕಿನ ಬೂದು ಬಣ್ಣದಲ್ಲಿ ಕಂಡರೂ ಅರೆದರೆ ರಕ್ತಗೆಂಪೇ. ಟಿ-55ರ ಎಡ ಫೆಂಡರ್ ಮೇಲಿನ ಎಕ್ಸಾಸ್ಟ್ ಬಾಯಿಗೆ ಕಡುಕಂದು ಬಳಿದು, ಅದು ಹಸಿ ಇರುವಾಗಲೇ ಸಾಸಿವೆಯಷ್ಟು ಪುಡಿ ಒತ್ತಿದರೆ ಡಬ್ಬಿಯ ತುಕ್ಕು ಪುಡಿಗೆ ಏನೂ ಕಮ್ಮಿ ಇಲ್ಲ. ಹೆಚ್ಚಾದರೆ ಕುಂಕುಮ ಚೆಲ್ಲಿದಂತಾಗುತ್ತದೆ, ಬೆರಳಿಗೂ ಮೇಜಿಗೂ ಅಂಟಿದ್ದು ಸುಲಭಕ್ಕೆ ಹೋಗದು.

ಧೂಳು ಎಲ್ಲಿ ಕೂರಬೇಕೆಂದು ತೋರಿಸಲು ತೋರಣಗಲ್ಲು ರಸ್ತೆಯ ಅದಿರು ಟಿಪ್ಪರ್ ಸಾಕು. ಚಪ್ಪಟೆ ಜಾಗದಲ್ಲಿ ದಪ್ಪ, ನಿಂತ ಗೋಡೆಯಲ್ಲಿ ತೆಳು, ಚಕ್ರದ ಹಿಂದೆ ಬೀಸಿದ ಬೀಸಣಿಗೆ ಆಕಾರ. ಚಾಲಕ ಕಾಲಿಡುವ ಮೆಟ್ಟಿಲಲ್ಲಿ ಧೂಳೇ ಇಲ್ಲ, ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಸೋರಿದ ಗೆರೆಗೆ ಧೂಳು ಮೆತ್ತಿ ಕಪ್ಪಾಗಿರುತ್ತದೆ. ಟಿ-55ರ ಬಲ ಫೆಂಡರ್ ಮೇಲಿನ ಇಂಧನ ಪೆಟ್ಟಿಗೆಗಳಿಗೂ ಇದೇ ಗೆರೆ: ಬರ್ಂಟ್ ಅಂಬರ್‌ಗೆ ತುಸು ಗ್ಲಾಸ್ ವಾರ್ನಿಶ್ ಬೆರೆಸಿ, ಮೇಲಿಂದ ಕೆಳಗೆ ಒಂದೇ ಎಳೆ.

ಪಿಗ್ಮೆಂಟ್ ಕೂರಿಸಲು ಬರೀ ವೈಟ್ ಸ್ಪಿರಿಟ್ ಹನಿಸಿದರೆ ಒಣಗಿದ ಮೇಲೆ ಊದಿದರೂ ಹಾರುತ್ತದೆ. ಅದರ ಬದಲು ಪುಡಿಯನ್ನು ಹಿಡಿದಿಡುವ ಫಿಕ್ಸರ್ ದ್ರವದ ಹನಿಯನ್ನು ಬ್ರಷ್ಷಿನಿಂದ ಪಕ್ಕಕ್ಕೆ ಮುಟ್ಟಿಸಿ, ತಾನಾಗಿ ಹೀರಿಕೊಳ್ಳಲಿ. ಮೇಲಿಂದ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದರೆ ಅರ್ಧ ಧೂಳು ಕಣ್ಣಿಗೇ ಕಾಣದಂತಾಗುತ್ತದೆ. ಆದ್ದರಿಂದ ವಾರ್ನಿಶ್ ಮೊದಲು, ಧೂಳು ಕೊನೆಗೆ, ಆಮೇಲೆ ಟ್ಯಾಂಕನ್ನು ಕೆಳಗಿನ ಹಲಗೆ ಹಿಡಿದೇ ಎತ್ತಬೇಕು.