ಎಡಿಎಚ್‌ಡಿ: ಡಾಕ್ಟರ ಮಾತುಕತೆ ಸಾಕಾ, ಪೂರ್ತಿ ಪರೀಕ್ಷೆ ಬೇಕಾ?

ಎಡಿಎಚ್‌ಡಿ (ಗಮನ ನಿಲ್ಲದ ಅಥವಾ ಅತಿಯಾಗಿ ಚಡಪಡಿಸುವ ತೊಂದರೆ) ಇದೆಯಾ ಅನ್ನೋದಷ್ಟೇ ಪ್ರಶ್ನೆಯಾದರೆ, ಅನುಭವಿ ಡಾಕ್ಟರ ಜೊತೆ ವಿವರವಾದ ಮಾತುಕತೆ, ಮನೆಯವರು ಮತ್ತು ಟೀಚರ್ ತುಂಬುವ ಪ್ರಶ್ನಾವಳಿ ಸಾಮಾನ್ಯವಾಗಿ ಸಾಕು. ಖರ್ಚೂ ಕಡಿಮೆ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವಾ, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣುತ್ತವಾ ಅಂತ ನೋಡುತ್ತಾರೆ. ಕಾಲೇಜು ವಯಸ್ಸಿನವರು ಹಳೆಯ ಮಾರ್ಕ್ಸ್ ಕಾರ್ಡ್ ಹುಡುಕಿ ಒಯ್ಯಿರಿ. 'ಪಾಠದಲ್ಲಿ ಗಮನವಿಲ್ಲ' ಅಂತ ಟೀಚರ್ ಬರೆದ ಒಂದು ಸಾಲೂ ಉಪಯೋಗಕ್ಕೆ ಬರುತ್ತದೆ.

ಪೂರ್ತಿ ಮನೋವೈಜ್ಞಾನಿಕ ಪರೀಕ್ಷೆಗೆ ಗಂಟೆಗಟ್ಟಲೆ ಬೇಕು, ದುಡ್ಡೂ ಜಾಸ್ತಿ. ಆದರೆ ಬಾಯಲ್ಲಿ ಪಟಪಟ ಹೇಳುವ ಉತ್ತರವನ್ನು ಮಗು ಬರೆಯಲಾಗದೆ ಪೆನ್ಸಿಲ್ ಕಚ್ಚುತ್ತಾ ಕೂತರೆ ನಾನು ಇದನ್ನೇ ಆರಿಸುತ್ತೇನೆ. ಓದು, ಬರಹ, ನೆನಪಿನ ಶಕ್ತಿಯನ್ನು ಇದು ಬೇರೆಬೇರೆಯಾಗಿ ಅಳೆಯುತ್ತದೆ. ಕಲಿಕೆಯ ತೊಂದರೆ ಎಲ್ಲಿದೆ ಅಂತ ತಿಳಿಯುತ್ತದೆ.

ಕಂಪ್ಯೂಟರ್ ಎದುರು ಕೂರಿಸುವ ಗಮನ ಪರೀಕ್ಷೆ? ಜೊತೆಗಿದ್ದರೆ ಸರಿ, ಅದೊಂದನ್ನೇ ನಂಬಬೇಡಿ.